ನಿಶಿಕಿ ಮಾರುಕಟ್ಟೆಯಲ್ಲಿ ಸಸ್ಯಾಹಾರಿ ಅತ್ತೆಯವರೊಂದಿಗೆ: ಏನು ತಿನ್ನಬಹುದು, ಎಲ್ಲಿ ನಿಂತು ತಿನ್ನಬೇಕು?

ಪ್ರಶ್ನೆ: ನವೆಂಬರ್ ಕೊನೆಯ ವಾರದಲ್ಲಿ ನಾನು, ನನ್ನ ಪತಿ ಮತ್ತು ಅತ್ತೆಯವರು ಜಪಾನಿನ ಕ್ಯೋಟೊಗೆ ಹೋಗುವವರಿದ್ದೇವೆ. ಅಲ್ಲಿನ ನಿಶಿಕಿ ಮಾರುಕಟ್ಟೆಯ ಬೀದಿ ತಿನಿಸುಗಳನ್ನು ರುಚಿ ನೋಡಬೇಕೆಂಬ ಆಸೆಯಿದೆ. ನಾವಿಬ್ಬರೂ ಮೊಟ್ಟೆ, ಮೀನು ತಿನ್ನುತ್ತೇವೆ. ಅತ್ತೆಯವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅವರಿಗೆ ಅಲ್ಲಿ ಏನಾದರೂ ಸಿಗುತ್ತದೆಯೇ? ನಡೆಯುತ್ತಾ ತಿನ್ನುವಂತಿಲ್ಲ ಎಂದೂ ಕೇಳಿದ್ದೇವೆ. ಅದು ನಿಜವೇ?
(ಓದುಗರೊಬ್ಬರು, ಮೈಸೂರು)

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಅರ್ಥವಾದರೆ ಮಾರುಕಟ್ಟೆಯೇ ಅರ್ಥವಾದಂತೆ. ಹೌದು, ನಿಶಿಕಿಯಲ್ಲಿ ನಡೆಯುತ್ತಾ ತಿನ್ನಬಾರದು. ಮಾರುಕಟ್ಟೆಯ ವರ್ತಕರೇ ಅಲ್ಲಲ್ಲಿ ಫಲಕ ಹಾಕಿ ಈ ವಿನಂತಿಯನ್ನು ಮಾಡಿಕೊಂಡಿದ್ದಾರೆ. ಕೊಂಡ ತಿನಿಸನ್ನು ಕೊಂಡ ಅಂಗಡಿಯ ಮುಂದೆಯೇ ನಿಂತು, ಇಲ್ಲವೇ ಒಳಗೆ ಹಾಕಿರುವ ಪುಟ್ಟ ಬೆಂಚಿನ ಮೇಲೆ ಕುಳಿತು ಮುಗಿಸಿ, ಕಡ್ಡಿಯನ್ನೂ ಕಾಗದದ ಬಟ್ಟಲನ್ನೂ ಅದೇ ಅಂಗಡಿಗೆ ಹಿಂತಿರುಗಿಸಿ, ಆಮೇಲೆ ಮುಂದಕ್ಕೆ ಹೆಜ್ಜೆ ಹಾಕಬೇಕು. ಒಂದು ಅಂಗಡಿಯಲ್ಲಿ ಕೊಂಡದ್ದನ್ನು ಇನ್ನೊಂದು ಅಂಗಡಿಯ ಮುಂದೆ ನಿಂತು ತಿನ್ನುವುದೂ ತಪ್ಪೇ. ಕಾರಣ ಸರಳವಾಗಿದೆ. ಸುಮಾರು 390 ಮೀಟರ್ ಉದ್ದದ ಈ ಓಣಿಯ ಅಗಲ ಮೂರರಿಂದ ಐದು ಮೀಟರ್ ಮಾತ್ರ. ಎರಡೂ ಬದಿಗೆ ಸುಮಾರು 130 ಅಂಗಡಿಗಳಿದ್ದು, ಮೀನು, ಉಪ್ಪಿನಕಾಯಿ, ಕಾಳು, ಚಹಾ ಎಲ್ಲವನ್ನೂ ಓಣಿಯ ಅಂಚಿನವರೆಗೆ ತೆರೆದಿಟ್ಟಿರುತ್ತಾರೆ. ಸೋಯಾ ಸಾಸ್ ಸುರಿಯುವ ಕಡ್ಡಿಯೊಂದನ್ನು ಹಿಡಿದು ಆ ಜನಸಂದಣಿಯಲ್ಲಿ ಸಾಗಿದರೆ ಕಲೆಯಾಗುವುದು ಯಾರದೋ ಕಿಮೊನೊಗೆ, ಇಲ್ಲವೇ ಯಾರೋ ಬೆಳಗಿನ ಜಾವದಿಂದ ಜೋಡಿಸಿಟ್ಟ ಸರಕಿಗೆ. ನಿಮ್ಮ ಅತ್ತೆಯವರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಾರದು. ಓಡಾಡುತ್ತಾ ತಿನ್ನಬೇಡಿ, ಕೂತು ತಿನ್ನಿ ಎಂದು ನಮ್ಮನ್ನು ಬೆಳೆಸಿದ ತಲೆಮಾರು ಅವರದು.

ನಿಶಿಕಿಯನ್ನು ಪ್ರವಾಸದ ಕೈಪಿಡಿಗಳು ಬೀದಿ ತಿನಿಸಿನ ತಾಣ ಎಂದು ಬರೆಯುತ್ತವೆ. ನನ್ನ ಮಟ್ಟಿಗೆ ಆ ಮಾತು ದಾರಿ ತಪ್ಪಿಸುತ್ತದೆ. ಗಾಡಿಯ ಮುಂದೆ ನಿಂತು ಬಿಸಿಬಿಸಿ ತಿನ್ನುವ ಬೀದಿ ತಿನಿಸು ಜಪಾನಿನಲ್ಲಿ ಹೆಚ್ಚಾಗಿ ಕಾಣುವುದು ದೇವಾಲಯಗಳ ಜಾತ್ರೆ, ಸಂತೆಗಳಲ್ಲಿ. ಕ್ಯೋಟೊದಲ್ಲಿ ಪ್ರತಿ ತಿಂಗಳ 21ರಂದು ತೋಜಿ ದೇವಾಲಯದಲ್ಲಿ, 25ರಂದು ಕಿತಾನೊ ತೆನ್‌ಮಾಂಗು ದೇವಸ್ಥಾನದಲ್ಲಿ ಅಂಥ ಸಂತೆ ಸೇರುತ್ತದೆ. ನಿಮ್ಮ ಪ್ರವಾಸದಲ್ಲಿ ನವೆಂಬರ್ 25 ಬರುವುದಾದರೆ ಅಲ್ಲಿಗೂ ಹೋಗಿ ಬನ್ನಿ. ನಿಶಿಕಿಯಾದರೋ ಮೂಲತಃ ಮನೆಯ ಅಡುಗೆಗೆ ಸಾಮಾನು ಕೊಳ್ಳುವ ಪೇಟೆ, ಊರಿನವರು ಅದನ್ನು 'ಕ್ಯೋಟೊದ ಅಡುಗೆಮನೆ' ಎಂದು ಕರೆಯುತ್ತಾರೆ. ಇಲ್ಲಿ ಮೀನು ಮಾರಲು 1615ರಲ್ಲಿ ಶೋಗನ್ ಆಡಳಿತದ, ಅಂದರೆ ಆಗ ದೇಶವಾಳುತ್ತಿದ್ದ ಸೇನಾಧಿಪತಿಯ ಸರ್ಕಾರದ, ಅಧಿಕೃತ ಅನುಮತಿ ದೊರೆಯಿತು. ಮೀನಿನವರು ಇದೇ ಜಾಗವನ್ನು ಹಿಡಿದದ್ದು ನೆಲದಡಿಯ ನೀರಿಗಾಗಿ. ವರ್ಷವಿಡೀ ತಂಪಾಗಿರುವ ಬಾವಿಯ ನೀರು ಮಂಜುಗಡ್ಡೆಯ ಯಂತ್ರಗಳಿಲ್ಲದ ಕಾಲದಲ್ಲಿ ಮೀನನ್ನು ಕೆಡದಂತೆ ಕಾಪಾಡುತ್ತಿತ್ತು. 1927ರಲ್ಲಿ ನಗರದ ಕೇಂದ್ರ ಸಗಟು ಮಾರುಕಟ್ಟೆ ಆರಂಭವಾದಾಗ ಮೀನಿನ ವರ್ತಕರಲ್ಲಿ ಅನೇಕರು ಅಲ್ಲಿಗೆ ಹೋದರು. ತೆರವಾದ ಜಾಗಕ್ಕೆ ತರಕಾರಿ, ಮಾಂಸ ಮತ್ತು ಇತರ ಸರಕಿನವರು ಬಂದರು. ತಿನಿಸನ್ನು ಕಡ್ಡಿಗೆ ಚುಚ್ಚಿ ಮಾರುವುದು ಪ್ರವಾಸಿಗಳು ಹೆಚ್ಚಿದ ಮೇಲೆ ಬಂದ ರೂಢಿ. ಆದ್ದರಿಂದ ಸಾಮಾನು ಕೊಳ್ಳಲು ಬಂದವರು ಕೊಳ್ಳುವ ಮೊದಲು ಚೂರು ರುಚಿ ನೋಡುವ ಹಾಗೆ ಇಲ್ಲಿ ತಿನ್ನಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆ ತಿಂದವರಿಗೆ ಈ ಪೇಟೆ ಕೊಡುವಷ್ಟನ್ನು ಹೊಟ್ಟೆ ತುಂಬಿಸಿಕೊಳ್ಳಲು ಬಂದವರಿಗೆ ಕೊಡುವುದಿಲ್ಲ.

ಈಗ ನಿಮ್ಮ ಅತ್ತೆಯವರ ವಿಷಯ. ಅವರಿಗೆ ತಿನ್ನಲು ಖಂಡಿತ ಸಿಗುತ್ತದೆ, ಆದರೆ ಕಣ್ಣಿಗೆ ಸಸ್ಯಾಹಾರವೆಂದು ಕಾಣುವುದರಲ್ಲಿ ಬಹುಪಾಲು ಸಸ್ಯಾಹಾರವಲ್ಲ. ಈ ಒಂದು ಮಾತನ್ನು ನಾನು ಎಷ್ಟು ಒತ್ತಿ ಹೇಳಿದರೂ ಸಾಲದು. ನಾನು ಕ್ಯೋಟೊದಲ್ಲಿ ನೆಲೆಸಿದ ಮೊದಲ ವರ್ಷ, ಊರಿನಿಂದ ಬಂದಿದ್ದ ನನ್ನ ತಾಯಿಯವರಿಗೆ ಬೇಯಿಸಿದ ಕೆಸುವಿನ ಗೆಡ್ಡೆಯನ್ನು ಅಂಗಡಿಯೊಂದರಿಂದ ತಂದುಕೊಟ್ಟಿದ್ದೆ. ಬಟ್ಟಲಿನಲ್ಲಿ ಗೆಡ್ಡೆ ಮತ್ತು ತಿಳಿಯಾದ ರಸ ಬಿಟ್ಟರೆ ಬೇರೇನೂ ಇರಲಿಲ್ಲ. ಅವರು ಮೆಚ್ಚಿ ತಿಂದರು. ಆ ರಸ ಮೀನಿನದು ಎಂದು ನನಗೆ ಗೊತ್ತಾದದ್ದು ಎರಡು ವಾರದ ನಂತರ, ಅವರು ಊರಿಗೆ ಮರಳಿದ ಮೇಲೆ. ಅವರಿಗೆ ಅದನ್ನು ಫೋನಿನಲ್ಲಿ ಹೇಳಿದ ಸಂಜೆಯನ್ನು ನಾನು ಮರೆತಿಲ್ಲ. ನಿಮಗೆ ಹಾಗಾಗಬಾರದೆಂದೇ ಈ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಆ ರಸದ ಹೆಸರು ದಾಶಿ. ನಮ್ಮ ಸಾರಿಗೆ ಬೇಳೆಯ ಕಟ್ಟು ಹೇಗೋ ಜಪಾನೀ ಅಡುಗೆಗೆ ದಾಶಿ ಹಾಗೆ; ಅದಿಲ್ಲದೆ ಸೂಪಿಲ್ಲ, ಪಲ್ಯವಿಲ್ಲ, ಅದ್ದಿಕೊಳ್ಳುವ ಸಾಸೂ ಇಲ್ಲ. ಸಾಮಾನ್ಯ ದಾಶಿಗೆ ಎರಡು ವಸ್ತು ಬೇಕು. ಒಂದು ಕೊಂಬು, ಅಂದರೆ ಅಗಲವಾದ ಎಲೆಯಂತಿರುವ ಒಣಗಿಸಿದ ಕಡಲಪಾಚಿ. ಇನ್ನೊಂದು ಕತ್ಸುವೊಬುಶಿ: ಟ್ಯೂನಾ ಜಾತಿಯ ಮೀನನ್ನು ಬೇಯಿಸಿ, ಹೊಗೆಗೆ ಹಿಡಿದು, ಕಟ್ಟಿಗೆಯಷ್ಟು ಗಟ್ಟಿಯಾಗುವವರೆಗೆ ಒಣಗಿಸಿ, ಉಳಿಯಿಂದ ಹೆರೆದ ಹಾಗೆ ತೆಳ್ಳಗೆ ಹೆರೆದ ಸಿಪ್ಪೆಗಳು. ಕೊಂಬುವನ್ನು ನೀರಿನಲ್ಲಿ ಮೆಲ್ಲಗೆ ಕಾಯಿಸಿ ತೆಗೆದು, ಈ ಸಿಪ್ಪೆಯನ್ನು ಒಂದು ಕ್ಷಣ ಹಾಕಿ ಸೋಸಿದರೆ ಹೊನ್ನಿನ ಬಣ್ಣದ ತಿಳಿರಸ ದೊರೆಯುತ್ತದೆ. ಅದರಲ್ಲಿ ಮೀನಿನ ಚೂರಾಗಲಿ, ನಮ್ಮ ಮೂಗಿಗೆ ತಿಳಿಯುವಷ್ಟು ಮೀನಿನ ವಾಸನೆಯಾಗಲಿ ಇರುವುದಿಲ್ಲ. ಎರಡನ್ನೂ ಸೇರಿಸುವುದಕ್ಕೆ ರಸಾಯನಶಾಸ್ತ್ರದ ಆಧಾರವಿದೆ. ಕೊಂಬುವಿನ ರುಚಿಗೆ ಗ್ಲುಟಮೇಟ್ ಎಂಬ ಅಂಶ ಕಾರಣವೆಂದು 1908ರಲ್ಲಿ ಕಂಡುಹಿಡಿದು ಆ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟವರು ಕ್ಯೋಟೊದಲ್ಲೇ ಹುಟ್ಟಿದ ವಿಜ್ಞಾನಿ ಇಕೆದಾ ಕಿಕುನಾಯೆ. ಒಣಮೀನಿನಲ್ಲಿರುವ ಇನೊಸಿನೇಟ್ ಎಂಬ ಅಂಶ ಅದರ ಜೊತೆ ಸೇರಿದಾಗ ರುಚಿ ಕೂಡಿದ ಲೆಕ್ಕಕ್ಕಿಂತ ಹಲವು ಪಟ್ಟು ಹೆಚ್ಚುತ್ತದೆ. ಹೀಗಾಗಿಯೇ ಬದನೆಯನ್ನೋ ತೋಫುವನ್ನೋ ಬೇಯಿಸುವ ಅಡುಗೆಯವರಿಗೂ ಮೀನಿನ ದಾಶಿಯನ್ನು ಬಿಡಲು ಮನಸ್ಸು ಬರುವುದಿಲ್ಲ, ಮತ್ತು ಅದನ್ನು ಅವರು ಮೀನೆಂದು ಎಣಿಸುವುದೂ ಇಲ್ಲ.

ಆದ್ದರಿಂದ 'ನಾವು ವೆಜಿಟೇರಿಯನ್' ಎಂದರೆ ಸಾಲದು. ಅಂಗಡಿಯವರು ಪ್ರಾಮಾಣಿಕವಾಗಿಯೇ ತಲೆಯಾಡಿಸಿ ದಾಶಿಯಲ್ಲಿ ಬೆಂದದ್ದನ್ನು ಕೊಡುತ್ತಾರೆ. ಕೇಳಬೇಕಾದ ಪ್ರಶ್ನೆ ಇದು: 'ಕತ್ಸುವೊ ನೊ ದಾಶಿ ವಾ ಹೈತ್ತೆ ಇಮಾಸು ಕಾ?' ಅಂದರೆ, ಇದರಲ್ಲಿ ಕತ್ಸುವೊ ಮೀನಿನ ದಾಶಿ ಇದೆಯೇ? 'ಹೈತ್ತೆಮಾಸು' ಎಂದರೆ ಇದೆ, 'ಹೈತ್ತೆಮಾಸೆನ್' ಎಂದರೆ ಇಲ್ಲ. ಕಿವಿಗೆ ಎರಡೂ ಒಂದೇ ತೆರನಾಗಿ ಕೇಳುವುದರಿಂದ ಕೊನೆಯ 'ಸೆನ್' ಮೇಲೆ ಗಮನವಿಡಿ. ಪ್ಯಾಕೆಟ್ ಸರಕನ್ನು ಕೊಳ್ಳುವಾಗ ಅಲರ್ಜಿಯ ಪಟ್ಟಿಯನ್ನು ನೋಡಿ ನಿಶ್ಚಿಂತರಾಗಬೇಡಿ. ಜಪಾನಿನ ಕಾನೂನು ಕಡ್ಡಾಯವಾಗಿ ನಮೂದಿಸಲು ಹೇಳುವ ಅಲರ್ಜಿಕಾರಕಗಳಲ್ಲಿ ಮೊಟ್ಟೆ, ಹಾಲು, ಗೋಧಿ, ಸಿಗಡಿ, ಏಡಿ ಮೊದಲಾದವು ಇವೆ, ಕತ್ಸುವೊ ಇಲ್ಲ. ಅದು ಕಾಣುವುದು ಪದಾರ್ಥಗಳ ಪೂರ್ಣ ಪಟ್ಟಿಯಲ್ಲಿ. ಫೋನಿನ ಕ್ಯಾಮೆರಾದಿಂದ ಅನುವಾದ ಮಾಡುವ ಸೌಲಭ್ಯ ಅಲ್ಲಿ ಬಹಳ ಉಪಕಾರಿ.

ಇಷ್ಟು ತಿಳಿದುಕೊಂಡು ಓಣಿಯೊಳಗೆ ಹೋಗೋಣ. ಪಶ್ಚಿಮದ ತಕಾಕುರಾ ಬೀದಿಯ ಕಡೆಯಿಂದ, ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಹೊಕ್ಕು ಪೂರ್ವಕ್ಕೆ ನಡೆಯಿರಿ. ಹನ್ನೊಂದೂವರೆ ಕಳೆದರೆ ಜನ ಕಿಕ್ಕಿರಿಯುತ್ತಾರೆ, ಸಂಜೆ ಐದರ ಮೇಲೆ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತವೆ. ಆ ಪಶ್ಚಿಮದ ಬಾಯಿಯಲ್ಲಿಯೇ ಚಿತ್ರಕಾರ ಇತೊ ಜಾಕುಚು ಹುಟ್ಟಿದ ಮನೆಯಿದ್ದ ಜಾಗವನ್ನು ಗುರುತಿಸಿದ್ದಾರೆ. 1716ರಲ್ಲಿ ಇಲ್ಲಿಯ ತರಕಾರಿ ಸಗಟು ವ್ಯಾಪಾರಿಯ ಹಿರಿಯ ಮಗನಾಗಿ ಹುಟ್ಟಿದ ಆತ ಬಣ್ಣಬಣ್ಣದ ಕೋಳಿಗಳ ಚಿತ್ರಗಳಿಗೆ ಹೆಸರಾದವನು, ಮುಚ್ಚಿದ ಅಂಗಡಿಗಳ ಬಾಗಿಲುಗಳ ಮೇಲೆ ಇಂದಿಗೂ ಅವನ ಚಿತ್ರಗಳನ್ನು ಕಾಣಬಹುದು. 1770ರ ದಶಕದ ಆರಂಭದಲ್ಲಿ ಎದುರಾಳಿ ಪೇಟೆಯ ಪೈಪೋಟಿಯಿಂದ ನಿಶಿಕಿಯೇ ಮುಚ್ಚುವ ಪರಿಸ್ಥಿತಿ ಬಂದಾಗ, ಕುಂಚವನ್ನು ಬದಿಗಿಟ್ಟು ಅಧಿಕಾರಿಗಳೊಡನೆ ವರ್ಷಗಟ್ಟಲೆ ವ್ಯವಹರಿಸಿ ಪೇಟೆಯನ್ನು ಉಳಿಸಿಕೊಟ್ಟವನೂ ಅವನೇ. ಬುದ್ಧನ ಮಹಾಪರಿನಿರ್ವಾಣದ ದೃಶ್ಯವನ್ನು ಅವನು ಬರೀ ಕಾಯಿಪಲ್ಯಗಳಿಂದ ಚಿತ್ರಿಸಿದ್ದಾನೆ: ಬುಟ್ಟಿಯೊಂದರ ಮೇಲೆ ಮಲಗಿದ ಬಿಳಿ ಮೂಲಂಗಿಯೇ ಬುದ್ಧ, ಸುತ್ತ ನೆರೆದ ಗೆಡ್ಡೆ, ಕಾಯಿ, ಹಣ್ಣುಗಳೇ ದುಃಖಿಸುವ ಶಿಷ್ಯರು. ಕ್ಯೋಟೊದ ರಾಷ್ಟ್ರೀಯ ಸಂಗ್ರಹಾಲಯದಲ್ಲಿರುವ ಈ ಚಿತ್ರದ ಕಥೆಯನ್ನು ಅತ್ತೆಯವರಿಗೆ ಮೊದಲೇ ಹೇಳಿ ಕರೆದುಕೊಂಡು ಹೋದರೆ, ಅಂಗಡಿಗಳಲ್ಲಿ ಜೋಡಿಸಿಟ್ಟ ಮೂಲಂಗಿಗಳನ್ನು ಅವರು ಬೇರೆಯದೇ ಕಣ್ಣಿನಿಂದ ನೋಡುತ್ತಾರೆ.

ಅವರಿಗೆ ಈ ಪೇಟೆಯ ಅತ್ಯುತ್ತಮ ಅಂಗಡಿಗಳೆಂದರೆ ತ್ಸುಕೆಮೊನೊ, ಅಂದರೆ ಉಪ್ಪಿನಲ್ಲಿ ಹಾಕಿದ ತರಕಾರಿಯ ಅಂಗಡಿಗಳು. ನಮ್ಮ ಉಪ್ಪಿನಕಾಯಿಯ ಖಾರ, ಎಣ್ಣೆ ಇಲ್ಲಿಲ್ಲ. ನೀವು ಹೋಗುವ ನವೆಂಬರ್ ಕೊನೆ ಇದಕ್ಕೆ ಹೇಳಿ ಮಾಡಿಸಿದ ಕಾಲ, ಏಕೆಂದರೆ ಚಳಿ ಬೀಳುತ್ತಿದ್ದಂತೆ ಸೆನ್‌ಮೈಜುಕೆ ಬರುತ್ತದೆ. ಶೋಗೊಯಿನ್ ಎಂಬ ತಳಿಯ ಟರ್ನಿಪ್ ಗೆಡ್ಡೆ ಮಗುವಿನ ತಲೆಗಿಂತ ದೊಡ್ಡದಾಗಿ ಬೆಳೆಯುತ್ತದೆ. ಕೆಲವು ಅಂಗಡಿಗಳಲ್ಲಿ ಅದನ್ನು ಗಿರಾಕಿಗಳ ಎದುರಿನಲ್ಲೇ ಹೆರೆಯುತ್ತಾರೆ. ಸಿಪ್ಪೆ ತೆಗೆದ ಬಿಳಿಯ ಉಂಡೆಯನ್ನು ದೊಡ್ಡ ತುರಿಮಣೆಯಂಥ ಹಲಗೆಯ ಮೇಲೆ ಎರಡೂ ಅಂಗೈಯಿಂದ ಒತ್ತಿ ಹಿಂದೆ ಮುಂದೆ ಎಳೆದಾಗ, ಕೆಳಗಿನ ಅಲಗಿನಿಂದ ತಟ್ಟೆಯಗಲದ ಹಾಳೆಗಳು ಒಂದರ ಮೇಲೊಂದು ಬೀಳುತ್ತವೆ. ಒಂದೊಂದೂ ಬೆಳಕು ಹಾಯುವಷ್ಟು ತೆಳು. ಸೆನ್‌ಮೈ ಎಂದರೆ ಸಾವಿರ ಹಾಳೆ. ಅವನ್ನು ಉಪ್ಪಿನಲ್ಲಿಟ್ಟು, ಬಳಿಕ ನಡುನಡುವೆ ಕೊಂಬು ಇಟ್ಟು ಸಿಹಿ ವಿನಿಗರ್‌ನಲ್ಲಿ ನೆನೆಸುತ್ತಾರೆ. ಬಾಯಿಗಿಟ್ಟರೆ ಮೊದಲು ತಂಪು, ಆಮೇಲೆ ನವಿರಾದ ಸಿಹಿಹುಳಿ, ಕೊನೆಗೆ ಕಡಲಪಾಚಿಯ ಲೋಳೆ ನಾಲಗೆಯ ಮೇಲೆ ಒಂದಿಷ್ಟು ಹೊತ್ತು ಉಳಿಯುತ್ತದೆ. ಇದರ ಪಕ್ಕದಲ್ಲೇ ಶಿಬಾಜುಕೆ ಇರುತ್ತದೆ. ಬದನೆಕಾಯಿ ಮತ್ತು ಕೆಂಪು ಶಿಸೊ ಎಲೆಯನ್ನು ಉಪ್ಪಿನಲ್ಲಿ ಹುಳಿಬರಿಸಿದ, ನೇರಳೆ ಹಣ್ಣಿನ ಬಣ್ಣದ ಪದಾರ್ಥ ಅದು. ಸುಗುಕಿ ಇನ್ನೂ ಹುಳಿ. ವಿನಿಗರ್ ಇಲ್ಲದೆ, ಉಪ್ಪು ಮತ್ತು ಭಾರದ ಒತ್ತಡದಿಂದಲೇ ಹುಳಿಯೇರಿಸಿದ ಗೆಡ್ಡೆ. ಮಜ್ಜಿಗೆಯ ಹುಳಿ ಮೆಚ್ಚುವವರಿಗೆ ಅದು ತಕ್ಷಣ ಹಿಡಿಸುತ್ತದೆ ಎಂದು ನನ್ನ ನಂಬಿಕೆ. ರುಚಿ ನೋಡಲು ಚೂರುಗಳನ್ನಿಟ್ಟಿದ್ದರೆ ಒಬ್ಬರಿಗೆ ಒಂದು ಚೂರು, ಒಂದು ಕಡ್ಡಿ. ಬಳಸಿದ ಕಡ್ಡಿಯನ್ನು ಮತ್ತೆ ಚುಚ್ಚಬಾರದು. ಇಲ್ಲಿಯೂ ಕತ್ಸುವೊ ಪ್ರಶ್ನೆಯನ್ನು ಕೇಳಲೇಬೇಕು, ಏಕೆಂದರೆ ಕತ್ಸುವೊ ಸಿಪ್ಪೆ ಬೆರೆಸಿದ ಮೂಲಂಗಿಯೂ ಉಮೆ ಹಣ್ಣೂ ಇದೇ ಸಾಲಿನಲ್ಲಿರುತ್ತವೆ.

ಆಮೇಲೆ ಯುಬಾ. ಸೋಯಾ ಹಾಲನ್ನು ಕಾಯಿಸಿದಾಗ ಮೇಲೆ ಕಟ್ಟುವ ಕೆನೆ ಅದು. ಗೋಧಿಯ ಅಂಟಿನಿಂದ ಮಾಡುವ ನಾಮಾಫು ಇದೆ, ಅದರೊಳಗೆ ಅಝುಕಿ ಕಾಳಿನ ಹೂರಣ ತುಂಬಿ ಬಿದಿರೆಲೆಯಲ್ಲಿ ಸುತ್ತಿದ ಫುಮಂಜೂ ಇದೆ. ಹೂರಣ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಕಾಳನ್ನು ಬೇಯಿಸಿ, ರುಬ್ಬಿ, ಸಕ್ಕರೆಯೊಡನೆ ಕಾಯಿಸುವ ಕ್ರಮದಲ್ಲಿ ಜಪಾನಿನ 'ಆನ್' ನಮ್ಮ ಹೋಳಿಗೆಯ ಹೂರಣಕ್ಕೆ ತೀರ ಹತ್ತಿರದ್ದು, ಏಲಕ್ಕಿ ತುಪ್ಪ ಇಲ್ಲ ಅಷ್ಟೆ. ಹುರಿದ ಸೋಯಾ ಹಿಟ್ಟು ಉದುರಿಸಿದ ವಾರಾಬಿಮೊಚಿ ಎಂಬ ಮೆದುವಾದ ಸಿಹಿ, ಸುಟ್ಟ ಚೆಸ್ಟ್‌ನಟ್, ತಾಂಬಾ ಪ್ರದೇಶದ ಕಪ್ಪು ಸೋಯಾ ಕಾಳು ಇವುಗಳನ್ನೂ ಅವರು ಸಾಮಾನ್ಯವಾಗಿ ತಿನ್ನಬಹುದು. ಮೀನಿನ ಆಕಾರದ ತೈಯಾಕಿ ಎಂಬ ತಿನಿಸಿನಲ್ಲಿ ಮೀನಿರುವುದಿಲ್ಲ, ಆದರೆ ಹಿಟ್ಟಿಗೆ ಮೊಟ್ಟೆ ಹಾಕುವುದುಂಟು. ನಾಮಾಫುವನ್ನು ಮಿಸೊ (ಹುಳಿಬರಿಸಿದ ಸೋಯಾ ಕಾಳಿನ ಮುದ್ದೆ) ಹಚ್ಚಿ ಸುಟ್ಟು ಕೊಡುವಾಗಲೂ ವಿಚಾರಿಸಿ, ಆ ಮಿಸೊಗೆ ಮೊಟ್ಟೆಯ ಹಳದಿಯನ್ನೋ ದಾಶಿಯನ್ನೋ ಕೆಲವರು ಬೆರೆಸುತ್ತಾರೆ. ತರಕಾರಿಯನ್ನು ಹಿಟ್ಟಿನಲ್ಲಿ ಅದ್ದಿ ಕರಿದ ತೆಂಪುರಾ ಬೇಡ, ಅದೇ ಎಣ್ಣೆಯಲ್ಲಿ ಸಿಗಡಿಯೂ ಬೆಂದಿರುತ್ತದೆ. ಚಿರಿಮೆನ್ ಸಾನ್ಶೊ ಎಂಬ, ಅನ್ನಕ್ಕೆ ಉದುರಿಸಿಕೊಳ್ಳುವ ಪುಡಿಯಂಥದ್ದು ಕೂಡ ಮೀನಿನ ಮರಿಗಳಿಂದಾದದ್ದು. ಬರಿಯ ಸಾನ್ಶೊ ಪುಡಿಯನ್ನಾದರೆ ಧಾರಾಳವಾಗಿ ಕೊಳ್ಳಬಹುದು. ನಾಲಗೆಯನ್ನು ಜುಮ್ಮೆನಿಸುವ ಆ ಕಾಳು ನಮ್ಮ ಕರಾವಳಿಯ ಜುಮ್ಮನಕಾಯಿಯ ಕುಲದ್ದೇ.

ಅವರಿಗೆ ಪೂರ್ಣ ಊಟ ಬೇಕೆಂದಾದರೆ ಅದನ್ನು ನಿಶಿಕಿಯಲ್ಲಿ ಹುಡುಕಬೇಡಿ. ಬೌದ್ಧ ವಿಹಾರಗಳ ಶೋಜಿನ್ ಅಡುಗೆಯಲ್ಲಿ ಮೀನು, ಮೊಟ್ಟೆ ಇಲ್ಲ, ಸಾಂಪ್ರದಾಯಿಕವಾಗಿ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ದಾಶಿಯನ್ನು ಕೊಂಬು ಮತ್ತು ಒಣ ಶಿಟಾಕೆ ಅಣಬೆಯಿಂದಲೇ ತೆಗೆಯುತ್ತಾರೆ. ಕ್ಯೋಟೊದ ಪಶ್ಚಿಮ ಅಂಚಿನ ಅರಾಶಿಯಾಮಾದ ತೆನ್‌ರ್ಯುಜಿ ವಿಹಾರದ ಆವರಣದಲ್ಲಿರುವ ಶಿಗೆತ್ಸು ಭೋಜನಶಾಲೆಯಲ್ಲಿ ಇಂಥ ಊಟ ದೊರೆಯುತ್ತದೆ. ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದವರಿಗೂ ಅಲ್ಲಿ ಸಮಾಧಾನವಾಗಿ ಕೂರಲು ಸಾಧ್ಯ ಎಂಬುದು ನನ್ನ ಅನುಭವ.

ನಿಮ್ಮಿಬ್ಬರಿಗೆ ನಾನು ಹೇಳುವುದು ಮುಖ್ಯವಾಗಿ ಒಂದೇ ತಿನಿಸು: ದಾಶಿಮಾಕಿ ತಮಾಗೊ. ಆಯತಾಕಾರದ ತಾಮ್ರದ ಬಾಣಲೆಗೆ ದಾಶಿ ಬೆರೆಸಿದ ಮೊಟ್ಟೆಯನ್ನು ತೆಳುವಾಗಿ ಹೊಯ್ದು, ಅದು ಹಿಡಿಯುತ್ತಿದ್ದಂತೆ ಉದ್ದನೆಯ ಕಡ್ಡಿಗಳಿಂದ ಚಾಪೆಯಂತೆ ಸುತ್ತಿ ಬದಿಗೆ ಸರಿಸಿ, ಖಾಲಿಯಾದ ಜಾಗಕ್ಕೆ ಮತ್ತೆ ಹೊಯ್ದು, ಮತ್ತೆ ಸುತ್ತುತ್ತಾರೆ. ಟೋಕಿಯೊ ಕಡೆಯದಕ್ಕೆ ಸಕ್ಕರೆ ಹೆಚ್ಚು, ಕ್ಯೋಟೊದ್ದಕ್ಕೆ ದಾಶಿ ಹೆಚ್ಚು, ಆದ್ದರಿಂದ ಅದು ಎಷ್ಟು ಮೆದುವೆಂದರೆ ಕಡಿದಾಗ ರಸ ಒಸರುತ್ತದೆ. ಮಾಡುವವರ ಕೈಯನ್ನು ಐದು ನಿಮಿಷ ನಿಂತು ನೋಡಿ, ಆದರೆ ಫೋಟೊ ತೆಗೆಯುವ ಮೊದಲು ಒಂದು ಮಾತು ಕೇಳಿ. ಪುಟ್ಟ ಆಕ್ಟೋಪಸ್‌ನ ತಲೆಯೊಳಗೆ ಕ್ವೇಲ್ ಹಕ್ಕಿಯ ಮೊಟ್ಟೆಯಿಟ್ಟು ಸಿಹಿ ಸೋಯಾ ರಸದಲ್ಲಿ ಬೇಯಿಸಿದ ತಾಕೊ ತಮಾಗೊ ಕುತೂಹಲಕ್ಕೆ ಒಂದು ಸಾಕು. ದುಬಾರಿ ಬೀಫ್ ಕಡ್ಡಿ, ಏಡಿಯ ಕಾಲು, ಸಮುದ್ರದ ಅರ್ಚಿನ್ ಇವು ಜಪಾನಿನ ಯಾವ ಪ್ರವಾಸಿ ಪೇಟೆಯಲ್ಲಾದರೂ ಸಿಗುತ್ತವೆ, ಅವುಗಳ ಸಾಲಿನಲ್ಲಿ ನಿಂತು ಇಲ್ಲಿಯ ಹೊತ್ತನ್ನು ಕಳೆಯಬೇಡಿ. ಉಪ್ಪು ಹಚ್ಚಿದ ಬಂಗುಡೆಯ ಸುಶಿ ಮಾತ್ರ ಈ ಊರಿನ ನಿಜವಾದ ಆಸ್ತಿ. ಕಡಲು ದೂರವಾದ ಕ್ಯೋಟೊಗೆ ಒಬಾಮಾ ಬಂದರಿನಿಂದ ಬಂಗುಡೆಯನ್ನು ಉಪ್ಪು ಹಾಕಿ ಬೆಟ್ಟದ ದಾರಿಯಲ್ಲಿ ಹೊತ್ತು ತರುತ್ತಿದ್ದರು. ಆ ದಾರಿಗೆ ಇಂದಿಗೂ ಬಂಗುಡೆಯ ಹೆದ್ದಾರಿ ಎಂದೇ ಹೆಸರು.

ಹಣದ ವಿಷಯದಲ್ಲಿ ಎರಡು ಮಾತು. ಚಿಲ್ಲರೆ ಯೆನ್ ಜೊತೆಯಲ್ಲಿರಲಿ, ಸಣ್ಣ ಅಂಗಡಿಗಳಲ್ಲಿ ಕಾರ್ಡ್ ನಡೆಯದಿರಬಹುದು. ಒಂದೇ ತಿನಿಸಿಗೆ ಎರಡು ಬೆಲೆ ಬರೆದಿದ್ದರೆ ಗಾಬರಿಯಾಗಬೇಡಿ: 2019ರಿಂದ ಕಟ್ಟಿಸಿಕೊಂಡು ಹೋಗುವ ಆಹಾರಕ್ಕೆ ಶೇ. 8, ಒಳಗೆ ಕುಳಿತು ತಿನ್ನುವುದಕ್ಕೆ ಶೇ. 10 ತೆರಿಗೆ ಇದೆ. ಅತ್ತೆಯವರ ಕಾಲಿಗೆ ವಿಶ್ರಾಂತಿ ಸಿಗುವುದಾದರೆ ಆ ಶೇ. 2 ಕೊಟ್ಟು ಕುಳಿತುಕೊಳ್ಳಿ. 'ಕೊಕೊ ದೆ ತಾಬೆತೆಮೊ ಈ ದೆಸು ಕಾ?' ಎಂದರೆ ಇಲ್ಲೇ ತಿನ್ನಬಹುದೇ ಎಂದರ್ಥ. ಹೊರಡುವಾಗ 'ಓಕಿನಿ' ಎನ್ನಿ. ಅದು ಆ ಸೀಮೆಯ ಆಡುಮಾತಿನ ಧನ್ಯವಾದ.

ಓಣಿಯ ಪೂರ್ವದ ತುದಿಯಲ್ಲಿ ನಿಶಿಕಿ ತೆನ್‌ಮಾಂಗು ಎಂಬ ಚಿಕ್ಕ ದೇವಸ್ಥಾನವಿದೆ. ಅದರ ಅಂಗಳದಲ್ಲಿ ನೆಲದಡಿಯಿಂದ ಬರುವ, ವರ್ಷವಿಡೀ 17–18 ಡಿಗ್ರಿಯಲ್ಲಿರುವ ಸಿಹಿನೀರಿನ ಚಿಲುಮೆಯಿದೆ, ಊರಿನವರು ಬಾಟಲಿ ತಂದು ತುಂಬಿಕೊಂಡು ಹೋಗುತ್ತಾರೆ. ನಾಲ್ಕು ಶತಮಾನಗಳ ಹಿಂದೆ ಮೀನಿನವರನ್ನು ಇಲ್ಲಿಗೆ ಸೆಳೆದ ನೀರು ಇಂಥದ್ದೇ. ಉಪ್ಪು, ದಾಶಿಯ ರುಚಿಗಳ ನಂತರ ಅಲ್ಲಿ ಒಂದು ಬೊಗಸೆ ಕುಡಿಯುವುದನ್ನು ತಪ್ಪಿಸಬೇಡಿ.

ಊರಿಗೆ ಏನು ಕೊಂಡೊಯ್ಯಬೇಕೆಂದು ನೀವು ಕೇಳಿಲ್ಲ, ಆದರೂ ಅತ್ತೆಯವರು ಕೇಳುತ್ತಾರೆ. ಸೆನ್‌ಮೈಜುಕೆ ಫ್ರಿಜ್ಜಿನಲ್ಲಿಟ್ಟರೂ ಬೇಗ ಕೆಡುವ ವಸ್ತು, ಅದನ್ನು ಅಲ್ಲಿಯೇ ತಿಂದು ಮುಗಿಸಿ. ಕೊಂಡೊಯ್ಯಲು ತಕ್ಕದ್ದು ಒಣ ಯುಬಾ. ಹಗುರ, ವಾಸನೆಯಿಲ್ಲ, ತಿಂಗಳುಗಟ್ಟಲೆ ಇರುತ್ತದೆ. ಮೈಸೂರಿಗೆ ಬಂದ ಮೇಲೆ ಕೆಲವು ನಿಮಿಷ ನೀರಿನಲ್ಲಿ ನೆನೆಸಿ, ಹಿಂಡಿ, ಇಳಿಸುವ ಹೊತ್ತಿನ ತಿಳಿಸಾರಿಗೆ ಹಾಕಿದರೆ ಅದು ಸಾರನ್ನು ಹೀರಿಕೊಂಡು ಮೃದುವಾಗಿ ಬಿಚ್ಚಿಕೊಳ್ಳುತ್ತದೆ. ನನ್ನ ತಾಯಿಯವರು ಈಗಲೂ ತರಿಸಿಕೊಳ್ಳುವುದು ಅದೊಂದನ್ನೇ.